ಹಳೇ ಐ3 ಪಿಸಿಯಲ್ಲಿ ಇಡೀ ರಾತ್ರಿಯ ಪಾರಿಜಾತ: ಎಚ್‌ಡಿ ಮಿಕ್ಸಿಂಗ್‌ಗೆ ಸಜ್ಜು ಮಾಡಿದ ಬಗೆ

ಬಾಗಲಕೋಟೆ ನವನಗರದ ಸಣ್ಣ ಸ್ಟುಡಿಯೋ ಒಂದರ ಪಿಸಿ ಇದು. ಇಂಟೆಲ್ ಕೋರ್ ಐ3-3220 ಪ್ರೊಸೆಸರ್, ಎಚ್61 ಚಿಪ್‌ಸೆಟ್‌ನ ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್ ಒಂದೇ ಒಂದು ಸ್ಲಾಟ್‌ನಲ್ಲಿ, 1 ಟಿಬಿ ಹಾರ್ಡ್ ಡಿಸ್ಕ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್ 2012ರದ್ದು: ಎರಡು ಕೋರ್, ನಾಲ್ಕು ಥ್ರೆಡ್, 3.3 ಗಿಗಾಹರ್ಟ್ಸ್.

ಇದರ ಮೇಲೆ ಆಗಬೇಕಾದ ಮಿಕ್ಸಿಂಗ್, ಅಂದರೆ ವಿಡಿಯೋ ಎಡಿಟಿಂಗ್ ಕೆಲಸ ಮಾತ್ರ ದೊಡ್ಡದು. ಕೃಷ್ಣ ಪಾರಿಜಾತ ಎಂಬ ಜಾನಪದ ನಾಟಕದ ಆಟವನ್ನು ಎರಡು ಕ್ಯಾಮೆರಾದಲ್ಲಿ ತಲಾ ನಾಲ್ಕು ಗಂಟೆ ಹಿಡಿದದ್ದು, ಎವಿಸಿಎಚ್‌ಡಿ (ಕ್ಯಾಮೆರಾಗಳ ಸಂಕುಚಿತ ವಿಡಿಯೋ ರೂಪ), 1920×1080, 50 ಇಂಟರ್‌ಲೇಸ್ಡ್ (ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರ, ಅಂದರೆ ಫೀಲ್ಡ್, ಸೆಕೆಂಡಿಗೆ 50), ಸೆಕೆಂಡಿಗೆ 24 ಮೆಗಾಬಿಟ್. ಜೊತೆಗೆ ಮೊಬೈಲ್‌ನಲ್ಲಿ ತೆಗೆದ ಬಿಡಿ ತುಣುಕುಗಳು, ಹಿಮ್ಮೇಳಕ್ಕೆಂದು ಬೇರೆ ರೆಕಾರ್ಡರ್‌ನಲ್ಲಿ ಹಿಡಿದ ಆಡಿಯೋ, ಕಲಾವಿದರ ಫೋಟೋಗಳು. ಪ್ಲೇ ಒತ್ತಿದರೆ ಎರಡು ಸೆಕೆಂಡ್ ಓಡಿ ಚಿತ್ರ ನಿಲ್ಲುತ್ತಿತ್ತು, ಹಾಡು ಮುಂದೆ ಹೋಗುತ್ತಿತ್ತು. ಎರಡು ಕ್ಲಿಪ್ ನಡುವೆ ಒಂದು ಡಿಸಾಲ್ವ್ (ಒಂದು ಚಿತ್ರ ಕರಗಿ ಇನ್ನೊಂದು ಮೂಡುವ ಎಫೆಕ್ಟ್) ಹಾಕಿದರೆ ಅಲ್ಲಿಗೆ ಪೂರ್ತಿ ಹ್ಯಾಂಗ್.

ಇಂಥ ಹೊತ್ತಿಗೆ ಸಿಗುವ ಮೊದಲ ಸಲಹೆ ‘ಗ್ರಾಫಿಕ್ಸ್ ಕಾರ್ಡ್ ಹಾಕಿಸಿ’. ಈ ಕೆಲಸಕ್ಕೆ ಅದು ಕೊನೆಯ ಖರ್ಚು. ಇಲ್ಲಿ ಬಳಸಿದ ಎಡಿಟಿಂಗ್ ಸಾಫ್ಟ್‌ವೇರ್ ಕೆಡೆನ್‌ಲೈವ್ ಆಗಲಿ, ಅಂಥದ್ದೇ ಶಾಟ್‌ಕಟ್ ಆಗಲಿ ಬಹುಪಾಲು ಎಫೆಕ್ಟ್‌ಗಳನ್ನು ಪ್ರೊಸೆಸರ್‌ನಲ್ಲೇ ಮಾಡುತ್ತವೆ. ಮೇಲಾಗಿ ಪಿಸಿ ಸೋಲುತ್ತಿರುವುದು ಎಫೆಕ್ಟ್‌ಗೆ ಅಲ್ಲ, ಸಂಕುಚಿತ ವಿಡಿಯೋವನ್ನು ಬಿಚ್ಚುವುದಕ್ಕೆ. ಆ ಹೊರೆಯನ್ನು ಕತ್ತರಿಸುವ ಹೊತ್ತಿನಿಂದ ತೆಗೆದು ರಾತ್ರಿಯ ಪಾಳಿಗೆ ಹಾಕಿದರೆ ಇದೇ ಪೆಟ್ಟಿಗೆ ಸಾಕು.

ಮೊದಲು ಧೂಳು

ಕ್ಯಾಬಿನೆಟ್ ಬಿಚ್ಚಿದಾಗ ಪ್ರೊಸೆಸರ್ ಫ್ಯಾನ್ ಮೇಲಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಫ್ಯಾನ್ ತೆಗೆದ ಮೇಲೆ ಗೊತ್ತಾಯಿತು: ಫ್ಯಾನ್ ಮತ್ತು ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಹತ್ತಿಯ ಎಳೆ, ಕೂದಲು, ಎರಿ ಮಣ್ಣಿನ ಪುಡಿ ಸೇರಿ ಕಂಬಳಿಯ ತುಂಡಿನಷ್ಟು ದಪ್ಪ ಪದರ ಕಟ್ಟಿತ್ತು. ಅದನ್ನು ಬೆರಳಿನಿಂದ ಒಂದೇ ಹಾಳೆಯಾಗಿ ಎತ್ತಬಹುದಿತ್ತು. ಫ್ಯಾನ್ ತಿರುಗುತ್ತದೆ, ಗಾಳಿ ಕೆಳಗೆ ಇಳಿಯುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಆಗುವ ಊರಲ್ಲಿ ಇಂಥ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಪ್ಲೇ ಶುರುವಿನಲ್ಲಿ ಸರಿ ಇದ್ದು ಹತ್ತು ನಿಮಿಷಕ್ಕೆ ತಡವರಿಸತೊಡಗಿದರೆ ಮೊದಲು ಇದನ್ನೇ ಅನುಮಾನಿಸಬೇಕು.

ಇಂಟೆಲ್ ಜೊತೆಗೆ ಬರುವ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್. ತಲೆಯ ಮೇಲಿನ ಬಾಣ ತೋರಿಸುವ ದಿಕ್ಕಿಗೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಕಾಲು ಸುತ್ತು ತಿರುಗಿಸಿ ಮೇಲೆ ಎಳೆದರೆ ಬಿಡುತ್ತದೆ. ಹಳೇ ಪೇಸ್ಟ್ ಒಣಗಿ ಗಟ್ಟಿಯಾಗಿದ್ದರೆ ಹೀಟ್‌ಸಿಂಕನ್ನು ನೇರ ಎಳೆಯದೆ ಮೆಲ್ಲಗೆ ಎಡ-ಬಲ ಹೊರಳಿಸಬೇಕು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್. ಮರಳಿ ಕೂರಿಸುವ ಮುಂಚೆ ಪಿನ್ ತಲೆಗಳನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿ, ಎದುರು-ಬದುರು ಮೂಲೆಯ ಕ್ರಮದಲ್ಲಿ ಒತ್ತಬೇಕು. ಟಕ್ ಎಂಬ ಸದ್ದು ನಾಲ್ಕು ಸಲ ಬರಬೇಕು. ಒಂದು ಪಿನ್ ಅರ್ಧ ಕೂತರೂ ಹೀಟ್‌ಸಿಂಕ್ ಓರೆಯಾಗಿ ಶಾಖ ಮೊದಲಿಗಿಂತ ಹೆಚ್ಚಾಗುತ್ತದೆ. ಬ್ಲೋವರ್‌ನಿಂದ ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲವಾದರೆ ಅಳತೆ ಮೀರಿ ತಿರುಗಿ ಬೇರಿಂಗ್ ಕೆಡುತ್ತದೆ.

ಪೆಟ್ಟಿಗೆ ಬಿಚ್ಚಿದಾಗಲೇ ಬೋರ್ಡ್ ಮೇಲಿನ ಸಿಆರ್2032 ಸೆಲ್ ಬದಲಿಸಿದೆವು. ಸೆಲ್ ಸತ್ತರೆ ಕರೆಂಟ್ ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ. ಆಗ ಪ್ರಾಜೆಕ್ಟ್‌ನ ಬ್ಯಾಕಪ್‌ಗಳಲ್ಲಿ ಯಾವುದು ಹೊಸದು, ಯಾವುದು ಹಳೇದು ಎಂದು ಫೈಲ್ ನೋಡಿ ಹೇಳಲಾಗದು.

ಡಿಸ್ಕ್, ರ‍್ಯಾಮ್, ಯುಎಸ್‌ಬಿ

240 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿದೆವು. ಎಚ್61 ಬೋರ್ಡ್‌ನ ಸಾಟಾ ಪೋರ್ಟ್‌ಗಳು ಸೆಕೆಂಡಿಗೆ 3 ಗಿಗಾಬಿಟ್‌ನವು, ಹಾಗಾಗಿ ಡಬ್ಬಿಯ ಮೇಲೆ ಬರೆದ 500 ಮೆಗಾಬೈಟ್ ವೇಗ ಇಲ್ಲಿ ಸಿಗುವುದಿಲ್ಲ. ಸುಮಾರು ಅರ್ಧ ಸಿಗುತ್ತದೆ. ಅದಕ್ಕಾಗಿ ದುಬಾರಿ ಎಸ್‌ಎಸ್‌ಡಿ ಬೇಡ. ವಿಡಿಯೋ ಓಡಲು ಬೇಕಾದ ವೇಗ ಹಾರ್ಡ್ ಡಿಸ್ಕ್‌ಗೂ ಇದೆ: 24 ಮೆಗಾಬಿಟ್ ಎಂದರೆ ಸೆಕೆಂಡಿಗೆ ಬರೀ 3 ಮೆಗಾಬೈಟ್. ತೊಂದರೆ ಏನೆಂದರೆ ಆಪರೇಟಿಂಗ್ ಸಿಸ್ಟಮ್, ಥಂಬ್‌ನೇಲ್, ಎರಡು ಕ್ಯಾಮೆರಾದ ಫೈಲ್, ಆಡಿಯೋ ಎಲ್ಲವೂ ಒಂದೇ ಡಿಸ್ಕ್‌ನಲ್ಲಿದ್ದರೆ ಅದರ ಹೆಡ್ ಅತ್ತಿಂದಿತ್ತ ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ಸಿಸ್ಟಮ್, ಪ್ರಾಜೆಕ್ಟ್, ಪ್ರಾಕ್ಸಿ (ಕತ್ತರಿಸಲು ಮಾಡಿಕೊಳ್ಳುವ ಹಗುರ ನಕಲು) ಫೈಲ್‌ಗಳು ಎಸ್‌ಎಸ್‌ಡಿಯಲ್ಲಿ. ಮೂಲ ಕ್ಲಿಪ್‌ಗಳು ಹಳೇ ಹಾರ್ಡ್ ಡಿಸ್ಕ್‌ನಲ್ಲೇ.

ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಬೋರ್ಡ್‌ನ ಸೆಟ್ಟಿಂಗ್) ಸಾಟಾ ಮೋಡ್ ಹಳೇ ರೀತಿಯ ಐಡಿಇ ಎಂದಿತ್ತು, ಎಸ್‌ಎಸ್‌ಡಿಗೆ ಒಗ್ಗುವ ಎಎಚ್‌ಸಿಐ ಮಾಡಿದೆವು. ಹಳೇ ವಿಂಡೋಸ್ ಉಳಿಸಿಕೊಳ್ಳುವವರು ಇದನ್ನು ಹಾಗೇ ಬದಲಿಸಬಾರದು, ಬೂಟ್ ಆಗದೆ ನೀಲಿ ಪರದೆ ಬರುತ್ತದೆ. ವಿಂಡೋಸ್ 10 ಆದರೆ ಮೊದಲು ಸೇಫ್ ಮೋಡ್‌ಗೆ ಹೋಗುವಂತೆ ಮಾಡಿ, ಆಮೇಲೆ ಬಯಾಸ್ ಬದಲಿಸಬೇಕು.

ಈ ಬೋರ್ಡ್‌ಗೆ ಎರಡೇ ರ‍್ಯಾಮ್ ಸ್ಲಾಟ್. ಇನ್ನೊಂದು 4 ಜಿಬಿ ಸೇರಿಸಿ 8 ಮಾಡಿದ್ದರಿಂದ ಎರಡು ಲಾಭ. ಒಂದು, ರ‍್ಯಾಮ್ ಸಾಲದೆ ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸುವುದು, ಅಂದರೆ ಸ್ವಾಪ್‌ಗೆ ಬೀಳುವುದು, ನಿಂತಿತು. ಇನ್ನೊಂದು, ಡಿಡಿಆರ್3-1600 ಒಂದು ಚಾನೆಲ್‌ಗೆ ಸೆಕೆಂಡಿಗೆ 12.8 ಗಿಗಾಬೈಟ್, ಎರಡು ಚಾನೆಲ್‌ಗೆ 25.6, ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ಇದರ ಉಪಯೋಗ ನೇರವಾಗಿ ಕಾಣುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ‘ಎಎಂಡಿಗೆ ಮಾತ್ರ’ ಎಂದು ಅಗ್ಗಕ್ಕೆ ಮಾರುವ ರ‍್ಯಾಮ್ ಬೇಡ. ಅದರ ಚಿಪ್ ಜೋಡಣೆ ಬೇರೆ, ಇಂಟೆಲ್ ಬೋರ್ಡ್‌ನಲ್ಲಿ ಬೂಟ್ ಆಗುವುದಿಲ್ಲ. ಹಾಕಿದ ಮೇಲೆ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಲೇಬೇಕು. ಕೆಟ್ಟ ರ‍್ಯಾಮ್ ಮೂರು ತಾಸಿನ ರೆಂಡರ್‌ನ (ಕತ್ತರಿಸಿದ್ದನ್ನೆಲ್ಲ ಒಂದೇ ವಿಡಿಯೋ ಫೈಲ್ ಮಾಡುವ ಕೆಲಸ) ಕೊನೆಯಲ್ಲಿ ಕೈಕೊಡುತ್ತದೆ.

ಎಚ್61 ಚಿಪ್‌ಸೆಟ್‌ಗೆ ತನ್ನದೇ ಯುಎಸ್‌ಬಿ 3 ಇಲ್ಲ. ಯುಎಸ್‌ಬಿ 2ರಲ್ಲಿ ನಿಜಕ್ಕೂ ಸಿಗುವುದು ಸೆಕೆಂಡಿಗೆ 30-35 ಮೆಗಾಬೈಟ್, ಅಂದರೆ 32 ಜಿಬಿ ಕಾರ್ಡ್ ಖಾಲಿ ಮಾಡಲು ಹದಿನೈದು ನಿಮಿಷದ ಮೇಲೆ. ಖಾಲಿ ಇದ್ದ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1 ಸ್ಲಾಟ್‌ಗೆ ಯುಎಸ್‌ಬಿ 3 ಕಾರ್ಡ್ ಹಾಕಿದೆವು. ಸಣ್ಣ ಖರ್ಚು, ದಿನನಿತ್ಯದ ನೆಮ್ಮದಿ.

ಸಿಸ್ಟಮ್‌ಗೆ ಲಿನಕ್ಸ್ ಮಿಂಟ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ವಿಂಡೋಸ್ 10ರ ಉಚಿತ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿದೆ, ವಿಂಡೋಸ್ 11 ಈ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಹಾರ್ಡ್‌ವೇರ್ ಡಿಕೋಡಿಂಗ್, ಅಂದರೆ ವಿಡಿಯೋ ಬಿಚ್ಚುವ ಕೆಲಸ ಗ್ರಾಫಿಕ್ಸ್ ಚಿಪ್‌ನಲ್ಲೇ ಆಗುವುದು, ಬೇಕೆಂದರೆ ಒಂದು ಸೂಕ್ಷ್ಮ: ಇಂಟೆಲ್‌ನ ಹೊಸ ಮೀಡಿಯಾ ಡ್ರೈವರ್ ಬ್ರಾಡ್‌ವೆಲ್ ಪೀಳಿಗೆಯಿಂದ ಈಚೆಗಿನ ಚಿಪ್‌ಗಳಿಗೆ ಮಾತ್ರ. ಐವಿ ಬ್ರಿಡ್ಜ್ ಪೀಳಿಗೆಯ ಈ ಐ3ಗೆ ಹಳೇ ಐ965 ಡ್ರೈವರ್ ಹಾಕಬೇಕು.

ಕಾರ್ಡ್‌ನಿಂದ ಟೈಮ್‌ಲೈನ್‌ವರೆಗೆ

ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ಹಾರ್ಡ್‌ವೇರ್ ಎಷ್ಟೇ ಒಳ್ಳೆಯದಿದ್ದರೂ ಫೈಲ್ ಸಿದ್ಧತೆ ಕೆಟ್ಟರೆ ಆಟದ ಮೂರನೇ ತಾಸಿನಲ್ಲಿ ತುಟಿ ಒಂದು, ಮಾತು ಒಂದು ಆಗುತ್ತದೆ.

ಎವಿಸಿಎಚ್‌ಡಿ ಕ್ಯಾಮೆರಾ ಒಂದೇ ರೆಕಾರ್ಡಿಂಗನ್ನು ಹಲವು ಫೈಲ್‌ಗಳಾಗಿ ತುಂಡು ಮಾಡುತ್ತದೆ, ಏಕೆಂದರೆ 32 ಜಿಬಿವರೆಗಿನ ಕಾರ್ಡ್‌ಗಳ ಫ್ಯಾಟ್32 ಪದ್ಧತಿಯಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. 24 ಮೆಗಾಬಿಟ್‌ನಲ್ಲಿ ಅದು ಇಪ್ಪತ್ತು ನಿಮಿಷದ ಆಸುಪಾಸು. ಈ ತುಂಡುಗಳನ್ನು ಒಂದರ ಪಕ್ಕ ಒಂದು ಟೈಮ್‌ಲೈನ್‌ಗೆ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಹಾಕಿದರೆ ಪ್ರತಿ ಸೇರುವಿಕೆಯಲ್ಲೂ ಹಾರ್ಮೋನಿಯಂ ಸ್ವರ ಚಿಕ್ಕದಾಗಿ ಕಡಿಯುತ್ತದೆ. ಆಡಿಯೋದ ಫ್ರೇಮ್ ಒಂದು ಫೈಲ್‌ನಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿದಿರುವುದೇ ಕಾರಣ. ಅದಕ್ಕೆ ಸ್ಟ್ರೀಮ್ ಫೋಲ್ಡರ್‌ನ ಎಂಟಿಎಸ್ ಫೈಲ್‌ಗಳನ್ನು ಹೆಸರಿನ ಸಂಖ್ಯೆಯ ಕ್ರಮದಲ್ಲೇ ಬೈಟ್‌ಗೆ ಬೈಟ್ ಜೋಡಿಸಬೇಕು. ಲಿನಕ್ಸ್‌ನಲ್ಲಿ ಕ್ಯಾಟ್ ಕಮಾಂಡ್, ವಿಂಡೋಸ್‌ನಲ್ಲಿ ಬೈನರಿ ಕಾಪಿ. ಎರಡೂ ಮರು-ಎನ್‌ಕೋಡ್ ಮಾಡುವುದಿಲ್ಲ, ಗುಣಮಟ್ಟ ಎಳ್ಳಷ್ಟೂ ಕೆಡುವುದಿಲ್ಲ. ಹೀಗೆ ಜೋಡಿಸುವುದು ಒಂದೇ ನಿರಂತರ ರೆಕಾರ್ಡಿಂಗ್‌ನ ತುಂಡುಗಳನ್ನು ಮಾತ್ರ. ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದ್ದನ್ನು ಬೇರೆ ಕ್ಲಿಪ್ ಆಗಿಯೇ ಇಡಬೇಕು. ಕಾರ್ಡ್‌ನಿಂದ ನಕಲು ಮಾಡುವಾಗ ಮಾತ್ರ ಪೂರ್ತಿ ಫೋಲ್ಡರ್ ತೆಗೆದುಕೊಳ್ಳಿ, ಎಂಟಿಎಸ್ ಫೈಲ್‌ಗಳನ್ನಷ್ಟೇ ಆರಿಸಬೇಡಿ.

ಮೊಬೈಲ್ ಕ್ಲಿಪ್‌ಗಳದ್ದು ಬೇರೆ ಕಥೆ. ಫೋನ್ 30 ಫ್ರೇಮ್ ಎನ್ನುತ್ತದೆ, ಬೆಳಕು ಕಡಿಮೆಯಾದರೆ ತಾನೇ ಇಳಿಸಿಕೊಳ್ಳುತ್ತದೆ. ಈ ಏರಿಳಿತದ ಫ್ರೇಮ್ ರೇಟ್ ಎಡಿಟಿಂಗ್ ಸಾಫ್ಟ್‌ವೇರ್‌ಗೆ ದೊಡ್ಡ ಶತ್ರು: ಕ್ಲಿಪ್ ಉದ್ದವಾದಷ್ಟೂ ಧ್ವನಿ ಜಾರುತ್ತದೆ. ಕೆಡೆನ್‌ಲೈವ್, ಶಾಟ್‌ಕಟ್ ಎರಡೂ ಇಂಥ ಫೈಲ್ ಕಂಡೊಡನೆ ಎಡಿಟಿಂಗ್‌ಗೆ ಒಗ್ಗುವ ರೂಪಕ್ಕೆ ಬದಲಿಸಲೇ ಎಂದು ಕೇಳುತ್ತವೆ. ಹೌದು ಎನ್ನಿ, ಬೇಡ ಎಂದು ಮುಂದುವರಿದರೆ ಮುಂದೆ ಇಡೀ ಸಿಂಕ್ ಮತ್ತೆ ಮಾಡಬೇಕಾದೀತು. ಫೋನ್‌ನಲ್ಲಿ ವಿಡಿಯೋ ಸಂಕುಚಿಸುವ ಹೊಸ ಕೋಡೆಕ್ ಎಚ್‌ಇವಿಸಿ ಬದಲು ಹಳೇ ಎಚ್.264 ಆರಿಸಿ, ಏಕೆಂದರೆ ಈ ಪೀಳಿಗೆಯ ಇಂಟೆಲ್ ಚಿಪ್‌ಗೆ ಎಚ್‌ಇವಿಸಿ ಬಿಚ್ಚುವ ಹಾರ್ಡ್‌ವೇರ್ ಇಲ್ಲವೇ ಇಲ್ಲ. ಹಾಗೆಯೇ ಶಟರ್ 1/50 ಅಥವಾ 1/100 ಇರಲಿ. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಸಾದಾ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ; 1/60ರಲ್ಲಿ ಹಿಡಿದರೆ ಚಿತ್ರದ ಮೇಲೆ ಕಪ್ಪು ಪಟ್ಟಿ ಹರಿದಾಡುತ್ತದೆ. ಅದನ್ನು ಆಮೇಲೆ ಅಳಿಸುವ ಡಿಫ್ಲಿಕರ್ ಫಿಲ್ಟರ್ ಈ ಪಿಸಿಗೆ ಹೊರಲಾಗದ ಹೊರೆ.

ರೆಕಾರ್ಡರ್ ಆಡಿಯೋವನ್ನು 48 ಕಿಲೋಹರ್ಟ್ಸ್‌ನಲ್ಲೇ ಹಿಡಿಯಿರಿ. ಎರಡು ಉಪಕರಣಗಳ ಗಡಿಯಾರ ಎಂದೂ ಪೂರ್ತಿ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇದ್ದರೂ ಒಂದು ತಾಸಿಗೆ 72 ಮಿಲಿಸೆಕೆಂಡ್, ಹತ್ತಿರ ಹತ್ತಿರ ಎರಡು ಫ್ರೇಮ್. ನಾಲ್ಕು ತಾಸಿಗೆ ಏಳು ಫ್ರೇಮ್. ಸತ್ಯಭಾಮೆಯ ಬಾಯಿ ಮುಚ್ಚಿದ ಮೇಲೂ ಹಾಡು ಕೇಳುತ್ತದೆ. ಪ್ರತಿ ಪ್ರವೇಶದ ಹೊತ್ತಿಗೆ ಆಡಿಯೋ ಟ್ರ್ಯಾಕ್ ಕತ್ತರಿಸಿ, ಮಾತಿಲ್ಲದ ಕಡೆ ಒಂದೆರಡು ಫ್ರೇಮ್ ಸರಿಸಿ ಮತ್ತೆ ಹೊಂದಿಸುವುದೇ ಸರಳ ದಾರಿ. ಕೆಡೆನ್‌ಲೈವ್‌ನಲ್ಲಿ ಒಂದು ಕ್ಯಾಮೆರಾದ ಧ್ವನಿಯನ್ನು ಆಡಿಯೋ ರೆಫರೆನ್ಸ್ ಎಂದು ಗುರುತಿಸಿ, ಇನ್ನೊಂದನ್ನು ಅದಕ್ಕೆ ಅಲೈನ್ ಮಾಡಿದರೆ ಮೊದಲ ಹೊಂದಾಣಿಕೆ ತಾನೇ ಆಗುತ್ತದೆ.

ಪ್ರಾಕ್ಸಿ: ಇಡೀ ಕೆಲಸದ ಜೀವಾಳ

ಎವಿಸಿಎಚ್‌ಡಿ ಫೈಲ್‌ನ ಒಳಗಿರುವುದೂ ಎಚ್.264. ಅದರಲ್ಲಿ ಪ್ರತಿ ಫ್ರೇಮ್ ಪೂರ್ಣ ಚಿತ್ರವಲ್ಲ. ಅರ್ಧ-ಒಂದು ಸೆಕೆಂಡಿಗೊಮ್ಮೆ ಒಂದು ಪೂರ್ಣ ಫ್ರೇಮ್, ನಡುವಿನವು ಅದರಿಂದ ಏನು ಬದಲಾಯಿತು ಎಂಬ ಲೆಕ್ಕ ಅಷ್ಟೇ. ಆಟದ ನಡುವೆ ಬಂದು ಕೂತವನಿಗೆ ಹಿಂದಿನ ಕಥೆ ಹೇಳಿದ ಮೇಲೆಯೇ ಈ ಮಾತು ಅರ್ಥವಾಗುವ ಹಾಗೆ, ನೀವು ಕರ್ಸರ್ ಇಟ್ಟ ಫ್ರೇಮ್ ತೋರಿಸಲು ಪಿಸಿ ಹಿಂದಿನ ಪೂರ್ಣ ಫ್ರೇಮ್‌ಗೆ ಹೋಗಿ ಅಲ್ಲಿಂದ ಎಲ್ಲವನ್ನೂ ಬಿಚ್ಚುತ್ತ ಬರಬೇಕು. ಹಿಂದಕ್ಕೆ ಓಡಿಸುವಾಗ ಒಂದೊಂದು ಫ್ರೇಮ್‌ಗೂ ಇದೇ ಪಾಡು. ಮೇಲೆ ಡಿಸಾಲ್ವ್ ಹಾಕಿದರೆ ಎರಡು ಕ್ಯಾಮೆರಾದ ಲೆಕ್ಕ ಒಟ್ಟಿಗೆ.

ಪ್ರಾಕ್ಸಿ ಎಂದರೆ ಕತ್ತರಿಸಲು ಮಾತ್ರ ಬಳಸುವ ಹಗುರ ನಕಲು. ಕೊನೆಯ ರೆಂಡರ್ ಮೂಲ ಫೈಲ್‌ನಿಂದಲೇ ಆಗುತ್ತದೆ. ಎರಡು ಗುಣ ಮುಖ್ಯ. ಅಳತೆ 960×540: ಮೂಲದಲ್ಲಿ ಫ್ರೇಮ್‌ಗೆ 20,73,600 ಪಿಕ್ಸೆಲ್, ಇಲ್ಲಿ 5,18,400, ಸರಿಯಾಗಿ ಕಾಲು ಭಾಗ. ಎರಡನೆಯದು, ಪ್ರತಿ ಫ್ರೇಮ್ ತಾನೇ ಪೂರ್ಣವಾಗಿರಬೇಕು; ಅದಕ್ಕೆ ಎಂಜೆಪೆಗ್ ಕೋಡೆಕ್. ಪ್ರಾಕ್ಸಿ ಮಾಡಿದರೂ ಸ್ಲೋ ಎನ್ನುವವರ ಸೆಟ್ಟಿಂಗ್ ನೋಡಿದರೆ ಸಾಮಾನ್ಯವಾಗಿ ಅಳತೆ ಇಳಿಸಿರುತ್ತಾರೆ, ಕೋಡೆಕ್ ಮಾತ್ರ ದೂರ ದೂರ ಪೂರ್ಣ ಫ್ರೇಮ್ ಇರುವ ಎಚ್.264 ಆಗಿಯೇ ಉಳಿದಿರುತ್ತದೆ. ಎಚ್.264 ಬಿಡಲು ಮನಸ್ಸಿಲ್ಲದಿದ್ದರೆ ಪೂರ್ಣ ಫ್ರೇಮ್‌ಗಳ ಅಂತರವನ್ನು 1 ಎಂದು ಕೊಟ್ಟು, ಟ್ಯೂನ್ ಫಾಸ್ಟ್‌ಡಿಕೋಡ್ ಎಂದು ಸೇರಿಸಿ.

ಪ್ರಾಕ್ಸಿ ಗಾತ್ರದಲ್ಲಿ ಸಣ್ಣದಿರಬೇಕು ಎಂಬುದು ತಪ್ಪು ಎಣಿಕೆ. ಎಂಜೆಪೆಗ್ ಸೆಕೆಂಡಿಗೆ 16 ಮೆಗಾಬಿಟ್ ಎಂದು ಹಿಡಿದರೆ ತಾಸಿಗೆ 7.2 ಜಿಬಿ, ಮೂಲವೇ 10.8 ಜಿಬಿ. ಉಳಿತಾಯ ಹೆಚ್ಚಿಲ್ಲ, ಆದರೆ ಬಿಚ್ಚುವ ಶ್ರಮ ಎಷ್ಟೋ ಪಾಲು ಇಳಿಯುತ್ತದೆ. ಎಂಟು ತಾಸಿನ ಸಾಮಗ್ರಿಗೆ ಸುಮಾರು 58 ಜಿಬಿ. 240ರ ಎಸ್‌ಎಸ್‌ಡಿಯಲ್ಲಿ ಆರಾಮಾಗಿ ಹಿಡಿಸುತ್ತದೆ.

ಕೆಡೆನ್‌ಲೈವ್‌ನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಟ್ಯಾಬ್ ತೆರೆದು ಆನ್ ಮಾಡಿ, 1000 ಪಿಕ್ಸೆಲ್‌ಗಿಂತ ಅಗಲವಾದ ವಿಡಿಯೋಗಳಿಗೆ ತಾನೇ ತಯಾರಾಗಲಿ ಎಂದು ಕೊಟ್ಟೆವು. ಪ್ರೊಫೈಲ್‌ನ ಸಾಲನ್ನು ಕೈಯಿಂದ ತಿದ್ದಬಹುದು. ನಮ್ಮದು ಇಂಟರ್‌ಲೇಸ್ಡ್ ಮೂಲವಾದ್ದರಿಂದ ಅಳತೆ ಇಳಿಸುವ ಮುಂಚೆ ಯಾಡಿಫ್ ಡಿಇಂಟರ್‌ಲೇಸ್ ಫಿಲ್ಟರ್ ಬರುವಂತೆ ಬರೆದೆವು. ಈ ಕ್ರಮ ತಿರುವುಮುರುವಾದರೆ ಎರಡು ಫೀಲ್ಡ್‌ಗಳ ಗೆರೆ ಕಲಸಿ, ಕುಣಿತದ ಹೆಜ್ಜೆಗಳೆಲ್ಲ ಬಾಚಣಿಗೆಯ ಹಲ್ಲಿನ ಗುರುತು ಬಿದ್ದಂತೆ ಕಾಣುತ್ತವೆ. ಫ್ರೇಮ್ ರೇಟ್ 25ರಲ್ಲೇ ಇರಲಿ, ಯಾಡಿಫ್ ಅನ್ನು ಪ್ರತಿ ಫೀಲ್ಡ್‌ಗೆ ಒಂದು ಫ್ರೇಮ್ ಮಾಡುವ ರೀತಿಯಲ್ಲಿ ಇಟ್ಟರೆ ಅದು 50 ಆಗಿಬಿಡುತ್ತದೆ. ಮೂಲ ಮತ್ತು ಪ್ರಾಕ್ಸಿಯ ಫ್ರೇಮ್ ಎಣಿಕೆ ಹೊಂದದಿದ್ದರೆ ನೀವು ಕತ್ತರಿಸಿದ ಜಾಗ ಒಂದು, ರೆಂಡರ್ ಆಗುವ ಜಾಗ ಇನ್ನೊಂದು. ಆಡಿಯೋ ಚಾನೆಲ್‌ಗಳೂ ಮೂಲದಲ್ಲಿ ಇದ್ದಷ್ಟೇ ಇರಬೇಕು.

ಎರಡು ಕೋರ್‌ನ ಪಿಸಿಗೆ ಒಮ್ಮೆಗೆ ಎರಡಕ್ಕಿಂತ ಹೆಚ್ಚು ಪ್ರಾಕ್ಸಿ ಕೆಲಸ ಹಚ್ಚಬೇಡಿ. ರಾತ್ರಿ ಹಾಕಿ ಮಲಗಿ, ಬೆಳಿಗ್ಗೆ ಕತ್ತರಿಸಲು ಕೂರಿ.

ಟೈಮ್‌ಲೈನ್‌ನಲ್ಲಿ ಕೂತಾಗ

ವಿಡಿಯೋ ಥಂಬ್‌ನೇಲ್ ಆಫ್. ಆಡಿಯೋ ಅಲೆ ಸಿಂಕ್ ಮುಗಿಯುವವರೆಗೆ ಆನ್, ಆಮೇಲೆ ಆಫ್. ಮಾನಿಟರ್‌ನ ಪ್ರಿವ್ಯೂ 540ಕ್ಕೆ. ಮೊದಲು ಬರೀ ಕತ್ತರಿ ಕೆಲಸ, ಜೆ-ಕೆ-ಎಲ್ (ಹಿಂದಕ್ಕೆ, ನಿಲ್ಲು, ಮುಂದಕ್ಕೆ) ಕೀಗಳ ಮೇಲೆ ಬೆರಳಿಟ್ಟು. ಪ್ರಾಕ್ಸಿ ಹಾಕಿದ ಮೇಲೆ ಗೊತ್ತಾಗುವ ದೊಡ್ಡ ಬದಲಾವಣೆ ಇಲ್ಲೇ: ಜೆ ಒತ್ತಿ ಹಿಂದಕ್ಕೆ ಓಡಿಸಿದರೆ ಚಿತ್ರ ಬೆರಳಿನ ಜೊತೆಗೇ ನಿಲ್ಲುತ್ತದೆ, ಕೊರವಂಜಿ ರಂಗಕ್ಕೆ ಕಾಲಿಡುವ ಫ್ರೇಮನ್ನು ಒಂದೇ ಸಲಕ್ಕೆ ಹಿಡಿಯಬಹುದು.

ಬಣ್ಣ ತಿದ್ದುವುದು, ಡಿನಾಯ್ಸ್, ಸ್ಟೆಬಿಲೈಸ್ ಇವೆಲ್ಲ ಕತ್ತರಿ ಮುಗಿದ ಮೇಲೆ. ಹಾಕಿದ ನಂತರವೂ ಕ್ಲಿಪ್‌ಗಳ ಕ್ರಮ ಬದಲಿಸಬೇಕಾದರೆ ಟೈಮ್‌ಲೈನ್ ಎಫೆಕ್ಟ್‌ಗಳನ್ನು ಒಟ್ಟಿಗೆ ಆಫ್ ಮಾಡುವ ಆಯ್ಕೆ ಮೆನುವಿನಲ್ಲಿದೆ. ಒಂದೇ ಕಡೆ ಭಾರ ಇದ್ದರೆ ಆ ತುಣುಕನ್ನು ಗುರುತಿಸಿ ಶಿಫ್ಟ್-ಎಂಟರ್ ಒತ್ತಿ ಪ್ರಿವ್ಯೂ ರೆಂಡರ್ ಮಾಡಿಕೊಳ್ಳಿ.

ಫೋಟೋಗಳು ಗೊತ್ತಾಗದಂತೆ ರ‍್ಯಾಮ್ ತಿನ್ನುತ್ತವೆ. 6000×4000ರ ಒಂದು ಜೆಪೆಗ್ ಡಿಸ್ಕ್‌ನಲ್ಲಿ ಹತ್ತು ಎಂಬಿ ಇದ್ದರೂ ಬಿಚ್ಚಿದಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ 96 ಎಂಬಿ. ಕಲಾವಿದರ ಪರಿಚಯದ ಇಪ್ಪತ್ತು ಫೋಟೋ ಎಂದರೆ ಹತ್ತಿರ ಎರಡು ಜಿಬಿ. ಜೂಮ್ ಬೇಕಿಲ್ಲದ ಫೋಟೋಗಳನ್ನು ಮೊದಲೇ 1920 ಅಗಲಕ್ಕೆ ಇಳಿಸಿ.

ಹೆಸರು ಬರೆಯುವಾಗ ನುಡಿ, ಬರಹದ ಹಳೇ ಆಸ್ಕಿ ಫಾಂಟ್‌ನಿಂದ ಕಾಪಿ ಮಾಡಿದರೆ ಅರ್ಥವಿಲ್ಲದ ಅಕ್ಷರ ಬೀಳುತ್ತದೆ. ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿ, ನೋಟೋ ಸಾನ್ಸ್ ಕನ್ನಡ ಅಥವಾ ಗುಬ್ಬಿ, ನವಿಲು ಫಾಂಟ್ ಬಳಸಿ. ಕೆಡೆನ್‌ಲೈವ್‌ನ ಟೈಟಲ್ ಕ್ಲಿಪ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ.

ರೆಂಡರ್ ಮತ್ತು ಕರೆಂಟ್

ಎಂಪಿ4 ಫೈಲ್‌ನ ಸೂಚಿ ಸಾಮಾನ್ಯವಾಗಿ ಕೊನೆಗೆ ಬರೆಯಲ್ಪಡುತ್ತದೆ. ಮೂರೂವರೆ ತಾಸು ರೆಂಡರ್ ಆದ ಮೇಲೆ ಕರೆಂಟ್ ಹೋದರೆ ಡಿಸ್ಕ್‌ನಲ್ಲಿ ಅಷ್ಟು ಜಿಬಿ ಇರುತ್ತದೆ, ಯಾವ ಪ್ಲೇಯರ್‌ನಲ್ಲೂ ತೆರೆಯುವುದಿಲ್ಲ. ಹಾಗಾಗಿ ರೆಂಡರ್ ಎಂಕೆವಿ ಎಂಬ ಇನ್ನೊಂದು ಬಗೆಯ ಫೈಲ್‌ಗೆ ಮಾಡಿ. ಅರ್ಧಕ್ಕೆ ನಿಂತರೂ ಅಲ್ಲಿವರೆಗಿನದು ಓಡುತ್ತದೆ. ಪೂರ್ತಿಯಾದ ಮೇಲೆ ಎನ್‌ಕೋಡ್ ಮಾಡದೆ ಎಂಪಿ4 ಡಬ್ಬಿಗೆ ವರ್ಗಾಯಿಸಲು ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನಕ್ಕೆ ಕೆಲವೇ ನಿಮಿಷ ಸಾಕು. ಇನ್ನೂ ಭದ್ರವಾಗಬೇಕೆಂದರೆ ಟೈಮ್‌ಲೈನ್‌ನಲ್ಲಿ ಪ್ರವೇಶಕ್ಕೊಂದು ಗೈಡ್ (ಗುರುತು) ಇಟ್ಟು ಗೈಡ್‌ನಿಂದ ಗೈಡ್‌ಗೆ ಬೇರೆ ಬೇರೆ ರೆಂಡರ್ ಹಾಕಿ. ಕೆಟ್ಟದ್ದಷ್ಟನ್ನೇ ಮತ್ತೆ ಮಾಡಿದರಾಯಿತು. 600 ವಿಎ ಯುಪಿಎಸ್ ಸೇವ್ ಮಾಡಿ ಮುಚ್ಚಲು ಸಾಲುತ್ತದೆ, ರೆಂಡರ್ ಮುಗಿಸಲು ಅಲ್ಲ.

ರೆಂಡರ್ ಒತ್ತುವ ಮುಂಚೆ ‘ಪ್ರಾಕ್ಸಿ ಕ್ಲಿಪ್‌ಗಳಿಂದ ರೆಂಡರ್’ ಎಂಬ ಆಯ್ಕೆಯಲ್ಲಿ ಟಿಕ್ ಇಲ್ಲದಿರುವುದನ್ನು ನೋಡಿ. ಇದ್ದರೆ ನಾಲ್ಕು ತಾಸಿನ ಮಸುಕು ವಿಡಿಯೋ ಕೈಗೆ ಬರುತ್ತದೆ.

ಯೂಟ್ಯೂಬ್ 25 ಫ್ರೇಮ್‌ನ 1080ಕ್ಕೆ ಹೇಳುವುದು ಸೆಕೆಂಡಿಗೆ 8 ಮೆಗಾಬಿಟ್. ನಾಲ್ಕು ತಾಸಿಗೆ 14.4 ಜಿಬಿ; ಅಪ್‌ಲೋಡ್ ವೇಗ 10 ಮೆಗಾಬಿಟ್ ಇದ್ದರೆ ಸುಮಾರು ಮೂರು ತಾಸು ಹದಿನೈದು ನಿಮಿಷ. ರಾತ್ರಿ ಬಯಲಿನ ದೃಶ್ಯದಲ್ಲಿ ಕತ್ತಲೆಯ ಹಿನ್ನೆಲೆ ಚೌಕಚೌಕವಾಗಿ ಒಡೆಯುವುದರಿಂದ ನಾವು 12ಕ್ಕೆ ಏರಿಸಿದೆವು. ಎಚ್.264 ಎನ್‌ಕೋಡರ್ ಆದ ಎಕ್ಸ್264ರ ವೆರಿಫಾಸ್ಟ್ ಪ್ರಿಸೆಟ್ ಈ ಪ್ರೊಸೆಸರ್‌ಗೆ ಹದವಾದದ್ದು. ಇಂಟೆಲ್‌ನ ಒಳಗಿನ ಎನ್‌ಕೋಡರ್ ಇನ್ನೂ ಬೇಗ ಮುಗಿಸುತ್ತದೆ, ಆದರೆ ಅಷ್ಟೇ ಬಿಟ್‌ರೇಟ್‌ಗೆ ಕತ್ತಲೆಯ ಭಾಗದಲ್ಲಿ ಅದರ ಕೊರತೆ ಕಾಣುತ್ತದೆ. ಊರವರಿಗೆ ತೋರಿಸುವ ಮೊದಲ ಕರಡಿಗೆ ಅದನ್ನು ಬಳಸಿ.

4ಕೆ, 10 ಬಿಟ್, 4:2:2 (ಬಣ್ಣದ ಮಾಹಿತಿ ಹೆಚ್ಚಿರುವ) ಸಾಮಗ್ರಿ ಬಂದರೆ ಈ ಪೆಟ್ಟಿಗೆ ಪ್ರಾಕ್ಸಿ ಮಾಡಲೇ ತಿಣುಕುತ್ತದೆ. ಅಂಥವನ್ನು ಬೇರೆ ಪಿಸಿಯಲ್ಲಿ 1080ರ ಪ್ರೊರೆಸ್‌ಗೆ (ಬಿಚ್ಚಲು ಹಗುರವಾದ ಎಡಿಟಿಂಗ್ ಕೋಡೆಕ್) ಇಳಿಸಿಕೊಂಡು ತರುವುದೇ ಸರಿ.

ಕೆಲಸ ಒಪ್ಪಿಸಿದ ಮೇಲೆ ಪ್ರಾಜೆಕ್ಟನ್ನು ಆರ್ಕೈವ್ ಆಯ್ಕೆಯಿಂದ ಮೂಲ ಕ್ಲಿಪ್‌ಗಳ ಸಮೇತ ಎರಡು ಬೇರೆ ಡಿಸ್ಕ್‌ಗಳಿಗೆ ಇಳಿಸಿ. ಎರಡರಲ್ಲೂ ತೆರೆದು ನೋಡಿದ ಮೇಲಷ್ಟೇ ಕ್ಯಾಶ್ ನಿರ್ವಹಣೆಯ ಕಿಟಕಿಯಿಂದ ಪ್ರಾಕ್ಸಿ ಅಳಿಸಿ ಎಸ್‌ಎಸ್‌ಡಿ ಖಾಲಿ ಮಾಡಿ. ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡುವುದು ಅದರ ನಂತರ, ಪಿಸಿಯಲ್ಲಲ್ಲ, ಕ್ಯಾಮೆರಾದಲ್ಲೇ.